ಐದು ಲಕ್ಷದ ಹತ್ತು ಸಾವಿರದ ಐನೂರ ಹತ್ತು

ನಾನು ಭರ್ತಿಯವಳು. ನಮ್ಮ ಊರಿನಲ್ಲಿ ಹಾಗೆಂದು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ, ಕೇಳಿಸಿಕೊಂಡವರು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಇರುವ ಮನೆಯಲ್ಲಿ ಐದನೆಯವಳಾಗಿ ಮಲಗುವುದು ನನ್ನ ಕಸುಬು. ಬೇರೆ ಊರುಗಳಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳೆಂದರೆ ಆಸ್ಪತ್ರೆಯ ಗೋಡೆಯ ಮೇಲೆ ಚಿತ್ರ ಬರೆಸುವಷ್ಟು ಅಚ್ಚುಕಟ್ಟಿನ ಸಂಸಾರವಂತೆ. ಬರೆಸಲಿ, ಬಿಡಿ. ನಮ್ಮಲ್ಲಿ ನಾಲ್ಕು ಜನ ಮಲಗಿ ಎದ್ದ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಗ್ಯಾಸಾಗಲಿ, ಸೀಮೆಎಣ್ಣೆಯಾಗಲಿ, ಸೌದೆಯಾಗಲಿ, ಗೀರಿದ ಕಡ್ಡಿ ನಿಮ್ಮ ಬೆರಳು ಸುಡುವವರೆಗೂ ಚೆನ್ನಾಗಿಯೇ ಉರಿಯುತ್ತದೆ. ಒಲೆಗೆ ತಾಗಿಸಿದ ತಕ್ಷಣ ಆರುತ್ತದೆ.

ಇದಕ್ಕೆಲ್ಲ ಕಾರಣ ಬಸ್ಸು ನಿಲ್ಲುವ ಜಾಗದಲ್ಲಿರುವ ಕಲ್ಲು. ಅದರ ಮೇಲೆ ೫,೧೦,೫೧೦ ಎಂದು ಕೆತ್ತಿದೆ. ಯಾರು ಕೆತ್ತಿದರೋ ಗೊತ್ತಿಲ್ಲ. ಮನೆಯಲ್ಲಿ ಹಿಂದಿನ ರಾತ್ರಿ ಮಲಗಿದವರ ತಲೆ ಎಣಿಸಿ, ಆ ಎಣಿಕೆಯಿಂದ ಕಲ್ಲಿನ ಸಂಖ್ಯೆಯನ್ನು ಭಾಗಿಸಿದರೆ ಏನೂ ಉಳಿಯಬಾರದು. ಉಳಿಯಿತೋ, ಅವತ್ತು ಅವಲಕ್ಕಿಯೇ ಗತಿ. ಶಾಲೆಯಲ್ಲಿ ಅ ಆ ಇ ಈ ಕಲಿಸುವ ಮೊದಲು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಇದನ್ನೇ: ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು. ಈ ಏಳನ್ನೂ ಒಂದರಿಂದ ಒಂದು ಗುಣಿಸಿಕೊಂಡು ಹೋದರೆ ನಮ್ಮ ಕಲ್ಲಿನ ಸಂಖ್ಯೆ ಬರುತ್ತದೆ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಆದರೆ ಕೆತ್ತಿದ ಪುಣ್ಯಾತ್ಮ ಮಹಾ ಜಿಪುಣ. ಒಂದೊಂದನ್ನು ಒಂದೇ ಸಲ ಹಾಕಿದ್ದಾನೆ. ನಾಲ್ಕಕ್ಕೆ ಎರಡು ಎರಡು ಸಲ ಬೇಕು. ಅದು ಕಲ್ಲಿನಲ್ಲಿಲ್ಲ. ಹಾಗಾಗಿ ಮೂರು ಜನರ ಮನೆ ಸುಖವಾಗಿದೆ, ಐದು, ಆರು, ಏಳು ಜನರ ಮನೆಗಳೂ ಸುಖವಾಗಿವೆ. ನಾಲ್ಕು, ಎಂಟು, ಒಂಬತ್ತು ಜನ ಇರುವವರು ನನ್ನಂಥವಳನ್ನು ಹುಡುಕಿಕೊಂಡು ಬರಬೇಕು.

ಜನ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾರೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಿಲ್ಲ, "ನಿಮ್ಮಲ್ಲಿ ಎಷ್ಟು ಜನ ಮಲಗ್ತೀರಿ?" ಎಂದು ಕೇಳುತ್ತಾರೆ. ಏಳು ಜನರ ಮನೆಯ ಹುಡುಗಿ ಐದು ಜನರ ಮನೆಗೆ ಹೋದರೆ ಎರಡು ಕಡೆಯೂ ಆರಾಗುತ್ತದೆ. ಅಂಥ ಸಂಬಂಧವನ್ನು ಯಾರೂ ಬಿಡುವುದಿಲ್ಲ, ಹುಡುಗ ಕುಡಿದರೂ ಸರಿಯೇ. ನೆಂಟರು ಉಳಿದುಕೊಳ್ಳುವುದಾದರೆ ಎಷ್ಟು ಜನ ಎಂದು ಮೊದಲೇ ತಿಳಿಸಬೇಕು. ಹೋಟೆಲಿನವನಿಗೂ ತಪ್ಪಿದ್ದಲ್ಲ. ಅಲ್ಲಿ ಯಾರೂ ಮಲಗದಿದ್ದರೆ ತಲೆ ಸೊನ್ನೆ, ಸೊನ್ನೆಯಿಂದ ಭಾಗಿಸಲು ಹೋಗಿ ಒಲೆ ಕಕ್ಕಾಬಿಕ್ಕಿಯಾಗುತ್ತದೆ. ಅದಕ್ಕೇ ಅವನು ಒಬ್ಬ ಸಪ್ಲೈಯರನ್ನು ಬೆಂಚಿನ ಮೇಲೆ ಮಲಗಿಸಿಕೊಂಡಿದ್ದಾನೆ. ಒಂದು ಮಳೆಗಾಲದಲ್ಲಿ ಕಲ್ಲಿನ ಕೊನೆಯ ಸೊನ್ನೆಯ ಮೇಲೆ ಪಾಚಿ ಬೆಳೆದು ಸಂಖ್ಯೆ ೫೧,೦೫೧ ಆಗಿಬಿಟ್ಟಿತ್ತು. ಎರಡರಿಂದ ಭಾಗವಾಗದು. ಊರಿನ ಹೊಸ ಮದುವೆ ಜೋಡಿಗಳೆಲ್ಲ ಹಸಿದುಕೊಂಡು ಪರಸ್ಪರ ಮುಖ ನೋಡುತ್ತಾ ಕುಳಿತಿದ್ದರು. ಯಾರೋ ಪೊರಕೆ ತಂದು ಉಜ್ಜಿದ ಮೇಲೆಯೇ ಸಂಸಾರಗಳು ಸರಿಹೋದವು.

ಒಂಟಿಯಾಗಿರುವವರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. ಒಂದರಿಂದ ಭಾಗವಾಗದ ಸಂಖ್ಯೆ ಯಾವುದಿದೆ? ನನ್ನ ಗಂಡ ಹೋದ ಮೇಲೆ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ನಾನು ಆರು ವರ್ಷ ಒಂದಾಗಿ ಇದ್ದೆ. ಒಲೆ ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ಒಂದು ಹಿಡಿ ಅಕ್ಕಿ ಹಾಕುತ್ತಿದ್ದೆ, ಅರ್ಧ ಪಾತ್ರೆಯ ತಳಕ್ಕೇ ಅಂಟುತ್ತಿತ್ತು. ಕೊನೆಕೊನೆಗೆ ಕುಕ್ಕರ್ ಸೀಟಿ ಹೊಡೆದರೆ "ಬಂದೆ ಇರಪ್ಪಾ" ಎಂದು ಉತ್ತರ ಕೊಡುತ್ತಿದ್ದೆ. ನನಗೆ ಹೆದರಿಕೆ ಇರುವುದು ಜಗತ್ತಿನಲ್ಲಿ ಅದೊಂದಕ್ಕೇ, ಆ ಕೋಣೆಗೆ. ಉಳಿದದ್ದಕ್ಕೆಲ್ಲ ನನ್ನ ಬಾಯಿಯೇ ಸಾಕು.

ಅಲ್ಲಿಂದ ನನ್ನನ್ನು ಕರೆದುಕೊಂಡು ಬಂದದ್ದು ರೇಡಿಯೊ ರಿಪೇರಿಯ ಪ್ರಹ್ಲಾದ. ಅವನ ಹೆಂಡತಿ ಸುಕನ್ಯಾ ಎರಡನೆಯ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಮೂರು ನಾಲ್ಕಾಗಿ, ಬಾಣಂತಿಗೆ ಬಿಸಿನೀರು ಕಾಯಿಸಲೂ ಒಲೆ ಹತ್ತುತ್ತಿರಲಿಲ್ಲ. ಸಂಜೆ ನಾನು ಟ್ರಂಕ್ ಹಿಡಿದು ಹೋದೆ, ಬೆಳಗ್ಗೆ ನೀರು ಕಾಯಿತು. ಆ ಮಗು ಪುಟ್ಟಿಗೆ ಈಗ ಹನ್ನೊಂದು ವರ್ಷ. ಆ ಮನೆಯಲ್ಲಿ ಅವಳಿಗೂ ನನಗೂ ಒಂದೇ ವಯಸ್ಸು.

ಹನ್ನೊಂದು ವರ್ಷ ಸುಕನ್ಯಾಗೂ ನನಗೂ ಹೊಂದಿಕೆಯಾದ ವಿಷಯ ಒಂದೂ ಇಲ್ಲ. ನನಗೆ ತಲೆಯ ಹತ್ತಿರದ ಕಿಟಕಿ ತೆರೆದಿರಬೇಕು, ಅವಳಿಗೆ ಮುಚ್ಚಿರಬೇಕು. ಅವಳು ಸಾರಿಗೆ ಹಾಕುವ ಉಪ್ಪು ಕಂಡರೆ ಸಮುದ್ರಕ್ಕೂ ನಾಚಿಕೆಯಾಗಬೇಕು. ಹೇಳಿದರೆ, "ನೀವು ತಿನ್ನೋದು ಎರಡು ತುತ್ತು, ಅದಕ್ಕೆ ಇಪ್ಪತ್ತು ಮಾತು" ಎನ್ನುವಳು. ಜಗಳ ಕಾವೇರಿದ ಕೂಡಲೇ ನಾನು ನನ್ನ ಬ್ರಹ್ಮಾಸ್ತ್ರ ತೆಗೆಯುತ್ತಿದ್ದೆ: "ಸರಿಯಮ್ಮಾ, ನಾಳೆ ಬೇರೆ ಕಡೆ ಮಲಗ್ತೀನಿ. ನಾಡಿದ್ದು ಬೆಳಗ್ಗೆ ಅವಲಕ್ಕಿ ನೆನೆಸಿಕೊಂಡು ತಿನ್ನಿ." ಅವಳು ಹಲ್ಲು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಪ್ರಹ್ಲಾದ ಒಂದು ಕೆಟ್ಟ ರೇಡಿಯೊ ಬಿಚ್ಚಿಕೊಂಡು ಅದರೊಳಗೆ ತಲೆ ತೂರಿಸುತ್ತಿದ್ದ. ನಾನು ಗೆದ್ದವಳ ಹಾಗೆ ಕಿಟಕಿ ತೆರೆದು ಮಲಗುತ್ತಿದ್ದೆ. ಆಗ ಅದು ನನಗೆ ಬಹಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಪುರಸಭೆ ಅಧ್ಯಕ್ಷ ದೊಡ್ಡಲಿಂಗಯ್ಯನವರಿಗೆ ಊರನ್ನು ಉದ್ಧಾರ ಮಾಡಬೇಕೆನಿಸಿತು. ಚುನಾವಣೆ ಹತ್ತಿರವಿದ್ದಾಗ ಅವರಿಗೆ ಹಾಗೆ ಅನಿಸುವುದುಂಟು. ಊರಿನಲ್ಲಿ ನಾಲ್ಕು ಜನರ ಮನೆಗಳು ಹೆಚ್ಚಾಗಿದ್ದವು, ಅವರೆಲ್ಲ ಭರ್ತಿಯವರ ಗೊರಕೆ ಕೇಳಿ ಬೇಸತ್ತಿದ್ದರು. ಶಾಲೆಯ ಬಯಲಿನಲ್ಲಿ ಸಭೆ ಕರೆದರು. ಅಧ್ಯಕ್ಷರು ಮೈಕು ಹಿಡಿದು, "ಬಂಧುಗಳೇ, ಬಿಟ್ಟಿ ಕೂಳು ತಿನ್ನೋರನ್ನ ಎಷ್ಟು ದಿನ ಮನೇಲಿಟ್ಕೊಂಡು ಸಾಕ್ತೀರಿ? ನಾಲ್ಕು ಜನಕ್ಕೂ ಒಲೆ ಹತ್ತಬೇಕು. ಕಲ್ಲಿನ ಸಂಖ್ಯೆ ಬದಲಾಯಿಸೋಣ," ಎಂದರು. ನಾವು ಭರ್ತಿಯವರೆಲ್ಲ ಹಿಂದಿನ ಸಾಲಿನಲ್ಲಿ ಬಿಟ್ಟಿ ಕುರ್ಚಿಗಳ ಮೇಲೆ ಕುಳಿತಿದ್ದೆವು.

ಅಧ್ಯಕ್ಷರ ಯೋಜನೆ ಸರಳವಾಗಿತ್ತು. ಕೊನೆಯ ಎರಡು ಅಂಕಿ ನಾಲ್ಕರಿಂದ ಭಾಗವಾದರೆ ಇಡೀ ಸಂಖ್ಯೆಯೇ ಭಾಗವಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಹತ್ತು ಭಾಗವಾಗದು, ಹನ್ನೆರಡು ಆಗುತ್ತದೆ. ಹಾಗಾದರೆ ಕೊನೆಯ ಸೊನ್ನೆ ತೆಗೆದು ಎರಡು ಕೆತ್ತಿದರೆ ಮುಗಿಯಿತು: ೫,೧೦,೫೧೨. ಒಂದೇ ಅಂಕಿಯ ಕೂಲಿ.

ಗಣಿತ ಹೇಳಿಕೊಡುವ ಅನಸೂಯಾ ಟೀಚರ್ ಎದ್ದು ನಿಂತರು. "ಸರ್, ಎರಡು ಕೂಡಿಸಿದ್ರೆ ನಾಲ್ಕು ಸರಿಹೋಗುತ್ತೆ, ಮೂರು, ಐದು, ಏಳು ಎಲ್ಲಾ ಕೆಟ್ಟುಹೋಗುತ್ತೆ. ಬದಲಾಯಿಸೋದೇ ಆದ್ರೆ ೭,೨೦,೭೨೦ ಮಾಡಿ. ಒಂದರಿಂದ ಹದಿನಾರರವರೆಗೆ ಯಾವುದರಿಂದ ಭಾಗಿಸಿದ್ರೂ ಏನೂ ಉಳಿಯಲ್ಲ. ಅದೂ ಆರೇ ಅಂಕಿ, ಕಲ್ಲಿನಲ್ಲಿ ಜಾಗ ಸಾಲುತ್ತೆ."

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ಹದಿನೇಳು?"

"ಹದಿನೇಳು ಆಗಲ್ಲ ಸರ್."

"ಕೂತ್ಕೊಳ್ಳಿ ಮೇಡಂ."

ಅಧ್ಯಕ್ಷರ ಮನೆಯಲ್ಲಿ ಹದಿನೇಳು ಜನ. ಅಣ್ಣತಮ್ಮಂದಿರು, ಓರಗಿತ್ತಿಯರು, ಮಕ್ಕಳು ಮರಿಗಳು, ಅಧ್ಯಕ್ಷರ ತಾಯಿ, ಹೆಂಡತಿಯ ತಾಯಿ. ಹಳೆಯ ಸಂಖ್ಯೆಯ ಕೊನೆಯ ಹದಿನೇಳು ತಮ್ಮ ವಂಶಕ್ಕೆಂದೇ ಇಟ್ಟದ್ದು ಎಂದು ಅವರ ನಂಬಿಕೆ. ಅವರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, "ನಾವು ಕೂಡಿಸ್ತಾ ಇದ್ದೀವಿ ಬಂಧುಗಳೇ, ಕಳೀತಾ ಇಲ್ಲ! ಕೂಡಿಸಿದ್ರೆ ಯಾರಿಗಾದ್ರೂ ನಷ್ಟ ಆಗುತ್ತಾ?" ಎಂದು ಕೇಳಿದರು. ಬಯಲೆಲ್ಲ ಚಪ್ಪಾಳೆ. ನೀವು ನಗಬಹುದು. ಆದರೆ ನಮ್ಮ ಊರಿನವರಿಗೆ ಇದ್ದದ್ದು ಒಂದೇ ಸಂಖ್ಯೆ. ಅದರ ಹುಟ್ಟು ಗುಟ್ಟೆಲ್ಲ ಬಾಯಿಪಾಠವಾಗಿತ್ತು, ಇನ್ನೊಂದು ಸಂಖ್ಯೆಯನ್ನು ಕೂತು ಭಾಗಿಸಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಇದ್ದದ್ದು ಇದ್ದ ಹಾಗೆಯೇ ಇರುತ್ತದೆ, ಮೇಲೆ ಎರಡು ಬರುತ್ತದೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ.

ಒಪ್ಪುವವರು ಕೈ ಎತ್ತಿ ಎಂದರು. ನಾನು ಮುಂದಿನ ಸಾಲುಗಳನ್ನು ನೋಡಿದೆ. ಪ್ರಹ್ಲಾದ ಕೈಯನ್ನು ಕಿವಿಯವರೆಗೆ ಎತ್ತಿ, ಕಿವಿ ಕೆರೆದುಕೊಂಡು ಇಳಿಸಿದ. ಅವನ ಪಕ್ಕದಲ್ಲಿ ಸುಕನ್ಯಾ ಬಳೆ ಮೊಣಕೈಗೆ ಜಾರುವಷ್ಟು ನೆಟ್ಟಗೆ ಕೈ ಎತ್ತಿದ್ದಳು. ಉಪ್ಪಿನ ಬಗ್ಗೆ ಹೇಳಿದ್ದಕ್ಕೆ ಇಷ್ಟೊಂದೇ? ಹನ್ನೊಂದು ವರ್ಷ ಅವಳ ಮಕ್ಕಳ ಜಡೆ ಹೆಣೆದವಳು ನಾನು. ಅವತ್ತು ಸಾರಿಗೆ ಉಪ್ಪೇ ಇರಲಿಲ್ಲ. ಇಬ್ಬರೂ ಸುಮ್ಮನೆ ತಿಂದೆವು.

ಹೊಸ ಅಂಕಿಯನ್ನು ಒಂದು ಬೆಳಗ್ಗೆ ನಾದಸ್ವರ ಬಾರಿಸಿ ಕೆತ್ತಿದರು. ಸೊನ್ನೆಗೆ ಸಿಮೆಂಟು ತುಂಬಿ ಎರಡು ಕೊರೆದರು. ಆಮೇಲೆ ಎಲ್ಲರೂ ರಸ್ತೆ ಕಂಟ್ರಾಕ್ಟರ್ ಮನೆಗೆ ಹೋದರು. ಅವರು ಸರಿಯಾಗಿ ನಾಲ್ಕು ಜನ, ಹಿಂದಿನ ದಿನವೇ ತಮ್ಮ ಭರ್ತಿಯವನನ್ನು ಸಾಗಹಾಕಿದ್ದರು. ಒಲೆ ಒಂದೇ ಸಲಕ್ಕೆ ಭಗ್ಗೆಂದು ಹತ್ತಿತು. ಅಧ್ಯಕ್ಷರಿಗೆ ಹಾರ ಬಿತ್ತು, ಎಲ್ಲರಿಗೂ ಕೇಸರಿಬಾತು ಬಂತು. ಒಂದು ಮನೆಯ ಒಲೆ ನೋಡಿ ಊರಿನ ಒಲೆಗಳೆಲ್ಲ ಸರಿಯಿವೆ ಎಂದು ತೀರ್ಮಾನ ಮಾಡಿಕೊಂಡು ಎಲ್ಲರೂ ಮನೆಗೆ ಹೋದರು.

ಸಂಜೆ ಕಾಫಿಯ ಹೊತ್ತಿಗೆ ಬೀದಿಯಲ್ಲಿ ಟಿಕ್ ಟಿಕ್ ಎಂದು ಶಬ್ದ ಶುರುವಾಯಿತು. ನಮ್ಮ ಅಡಿಗೆಮನೆಯಲ್ಲೂ ಅದೇ. ಸುಕನ್ಯಾ ಗ್ಯಾಸ್ ಲೈಟರನ್ನು ಒತ್ತುತ್ತಲೇ ಇದ್ದಳು. ಪಕ್ಕದ ಮನೆಯ ಮೂವರದೂ ಟಿಕ್ ಟಿಕ್, ಎದುರುಮನೆಯ ಏಳು ಜನರದೂ ಟಿಕ್ ಟಿಕ್. ಅನಸೂಯಾ ಟೀಚರ್ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು, "ಇನ್ನು ಒಂದು, ಎರಡು, ನಾಲ್ಕು, ಎಂಟು, ಹದಿನಾರು. ಅಷ್ಟೇ. ಹದಿನಾರರ ಆಚೆ ಇನ್ನೊಂದು ಬೇಕಾದ್ರೆ ಒಂದೇ ಮನೇಲಿ ಮೂವತ್ತೊಂದು ಸಾವಿರದ ಒಂಬೈನೂರ ಏಳು ಜನ ಮಲಗಬೇಕು," ಎಂದು ಕಿಟಕಿಯಿಂದ ಕಿಟಕಿಗೆ ಹೇಳಿಕೊಂಡು ಹೋದರು. ಅವರ ಮನೆಯಲ್ಲಿ ಅವರು ಮತ್ತು ಅವರ ತಂಗಿ, ಇಬ್ಬರೇ. ಅವರ ಒಲೆ ಹತ್ತಿತ್ತು, ಅದಕ್ಕೇ ಅಷ್ಟು ಸಮಾಧಾನ.

ನನಗೆ ಅರ್ಥವಾಗಲು ಟೀಚರ್ ಬೇಕಿರಲಿಲ್ಲ. ನಿನ್ನೆಯವರೆಗೆ ನಾನಿಲ್ಲದೆ ಆ ಮನೆಯ ಒಲೆ ಹತ್ತುತ್ತಿರಲಿಲ್ಲ, ಇವತ್ತು ನಾನಿದ್ದರೆ ಹತ್ತುವುದಿಲ್ಲ. ಬರೀ ಬೇಡದವಳಾಗಿದ್ದರೆ ಮೂಲೆಯಲ್ಲಿ ಮುದುರಿಕೊಂಡಾದರೂ ಇರಬಹುದಿತ್ತು. ಎರಡು ದಿನ ಎಲ್ಲರೂ ಅವಲಕ್ಕಿ ನೆನೆಸಿಕೊಂಡು ತಿಂದೆವು. ಪ್ರಹ್ಲಾದ ಹೊಸ ರೇಡಿಯೊಗಳನ್ನೂ ಬಿಚ್ಚತೊಡಗಿದ. ಮೂರನೆಯ ದಿನ ಪುಟ್ಟಿ ಅವಲಕ್ಕಿಯ ತಟ್ಟೆಯನ್ನು ಸರಿಸಿ, "ಬಿಸಿ ಅನ್ನ ಬೇಕು ನೀಲಜ್ಜಿ" ಎಂದು ನನ್ನನ್ನೇ ಕೇಳಿದಳು. ನಾನು ಎದ್ದು ಟ್ರಂಕ್ ತುಂಬಿಕೊಂಡೆ.

ಸುಕನ್ಯಾ ಬಾಗಿಲವರೆಗೂ ಬಂದಳು. ಹೋಗಬೇಡಿ ಎಂದು ಹೇಳಲಿ ಎಂದು ನನ್ನ ಪ್ರಾಣವೆಲ್ಲ ಕಿವಿಗೆ ಬಂದಿತ್ತು. ಹೇಗೆ ಹೇಳುತ್ತಾಳೆ, ಎರಡು ಮಕ್ಕಳಿಗೆ ಹಸಿಯದನ್ನೇ ತಿನ್ನಿಸಿಕೊಂಡು? "ಅಲ್ಲಾದ್ರೂ ಕಿಟಕಿ ಮುಚ್ಕೊಂಡು ಮಲಗಿ, ಕೆಮ್ಮು ಬರುತ್ತೆ," ಎಂದಳು. "ನನ್ನ ಕೆಮ್ಮು, ನನ್ನ ಕಿಟಕಿ," ಎಂದು ಹೊರಟೆ. ಬೀದಿಯ ತಿರುವಿನಲ್ಲಿ ಅಳು ಬಂತು. ಚೆನ್ನಾಗಿ ಅತ್ತೆ.

ಬಸ್ ನಿಲ್ದಾಣದ ಹಿಂದಿನ ಕೋಣೆಗೇ ಹೋಗಬೇಕೇನೋ ಎಂದು ಕಾಲು ಎಳೆಯುತ್ತಾ ನಡೆದಿದ್ದೆ. ಆದರೆ ಸಂಖ್ಯೆಯ ಮಹಿಮೆ ನೋಡಿ, ಈಗ ಮೂರು ಜನರ ಮನೆಗಳಿಗೆ ನಾಲ್ಕನೆಯವರು ಬೇಕಾಗಿದ್ದರು. ಟ್ರಂಕ್ ಹಿಡಿದವಳನ್ನು ಕಂಡದ್ದೇ ತಡ, ಬಳೆ ಅಂಗಡಿಯ ತಿಪ್ಪಣ್ಣ ಅಂಗಡಿಯಿಂದ ಹಾರಿ ಬಂದ. ಅವನು, ಅವನ ಹೆಂಡತಿ ಗೌರಮ್ಮ, ಮಗ. "ನೀಲಕ್ಕ, ಬೇರೆ ಯಾರಿಗೂ ಮಾತು ಕೊಡಬೇಡಿ!" ಎಂದು ಟ್ರಂಕನ್ನು ಕಿತ್ತುಕೊಂಡೇ ಹೋದ. ಅಲ್ಲಿ ನನಗೆ ಮಂಚ ಸಿಕ್ಕಿತು. ಬೆಳಗಿನ ಕಾಫಿಯ ಮೊದಲನೆಯ ಲೋಟ ನನಗೇ. ಉಪ್ಪು ಸರಿಯಿದೆಯೇ ಎಂದು ಗೌರಮ್ಮ ಮೂರು ಮೂರು ಸಲ ಕೇಳುತ್ತಿದ್ದಳು. ಸರಿಯಾಗಿಯೇ ಇರುತ್ತಿತ್ತು, ದರಿದ್ರದ್ದು. ಜಗಳಕ್ಕೆ ಒಂದು ನೆಪವೂ ಸಿಗದೆ ನನ್ನ ನಾಲಿಗೆಗೆ ತುಕ್ಕು ಹಿಡಿಯಿತು. ರಾತ್ರಿ ಕಿಟಕಿ ತೆರೆದು ಮಲಗಿದರೆ ಮುಚ್ಚಲು ಯಾರೂ ಬರುತ್ತಿರಲಿಲ್ಲ.

ಊರೆಲ್ಲ ಗಂಟುಮೂಟೆ ಹೊತ್ತು ಓಡಾಡುತ್ತಿತ್ತು. ಐದು ಜನರ ಮನೆಯವರು ಒಬ್ಬರನ್ನು ಹೊರಗೆ ಹಾಕಬೇಕು, ಏಳು ಜನರ ಮನೆಯವರು ಒಬ್ಬರನ್ನು ಒಳಗೆ ಕರೆಯಬೇಕು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಎಂಟಾಗಲು ಒಂದೇ ಸೂರಿನಡಿ ಬಂದು, ಎಂಟೂ ಜನ ಬೇರೆ ಬೇರೆ ದಿಕ್ಕಿಗೆ ಮುಖ ಹಾಕಿ ಉಣ್ಣುತ್ತಿದ್ದರು. ಅಧ್ಯಕ್ಷರ ಮನೆಯಲ್ಲಿ ಹದಿನೇಳು ಹದಿನಾರಾಗಬೇಕಿತ್ತು. ತಮ್ಮ ಅತ್ತೆ ಹೋಗಲಿ ಎಂದರು ಅಧ್ಯಕ್ಷರು, ತನ್ನ ಅತ್ತೆ ಹೋಗಲಿ ಎಂದರು ಅವರ ಹೆಂಡತಿ. ಕೊನೆಗೆ ಅಧ್ಯಕ್ಷರು ಯಾವಾಗಲೂ ಹೇಳುವ ಪ್ರಜಾಪ್ರಭುತ್ವದ ರೀತಿಯಲ್ಲಿಯೇ ಮನೆಯವರೆಲ್ಲ ಕೈ ಎತ್ತಿದರು. ಅಧ್ಯಕ್ಷರು ದಿಂಬು ಹಿಡಿದುಕೊಂಡು ಪುರಸಭೆಯ ಆಫೀಸಿನ ಬೆಂಚಿಗೆ ಬಂದರು.

ಆದರೂ ತಪ್ಪಾಯಿತು ಎನ್ನಲಿಲ್ಲ ಮಹಾರಾಯರು. ಪರಿಶೀಲಿಸಲು ಸಮಿತಿ ಮಾಡಿದರು. ಸಮಿತಿಯಲ್ಲಿ ಇದ್ದವರೆಲ್ಲ ನಾಲ್ಕು ಜನರ ಮನೆಯವರು, ಅವರಿಗೆ ಹೊಸ ಸಂಖ್ಯೆಯಲ್ಲಿ ಯಾವ ಕುಂದೂ ಕಾಣಿಸಲಿಲ್ಲ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ಒಂದು ಮಧ್ಯಾಹ್ನ ಊರಿನ ಹೆಂಗಸರು ಗ್ಯಾಸ್ ಲೈಟರ್ ಹಿಡಿದು ಪುರಸಭೆಯ ಮುಂದೆ ಕುಳಿತರು. ಕೂಗಿಲ್ಲ, ಘೋಷಣೆಯಿಲ್ಲ. ಟಿಕ್, ಟಿಕ್, ಟಿಕ್. ನಾನೂ ಗೌರಮ್ಮನ ಲೈಟರ್ ತೆಗೆದುಕೊಂಡು ಹೋಗಿದ್ದೆ. ಸುಕನ್ಯಾ ಆಚೆ ಸಾಲಿನಲ್ಲಿದ್ದಳು. ಅವಳ ಮನೆಯಲ್ಲಿ ನಾಲ್ಕೇ ಜನ, ಒಲೆ ಚೆನ್ನಾಗಿ ಉರಿಯುತ್ತಿತ್ತು. ಇವಳಿಗೇನು ಬಂತು ಇಲ್ಲಿ ಎಂದುಕೊಂಡೆ. ನನ್ನ ಕಡೆ ಒಂದು ಸಲ ನೋಡಿ ಮತ್ತಷ್ಟು ಜೋರಾಗಿ ಒತ್ತಿದಳು. ಕತ್ತಲಾಗುವ ಮೊದಲೇ ಅಧ್ಯಕ್ಷರು ಕಿವಿ ಮುಚ್ಚಿಕೊಂಡು ಹೊರಗೆ ಬಂದು, "ಟೀಚರ್ ಹೇಳಿದ್ದನ್ನೇ ಕೆತ್ತಿ, ನನ್ನ ಬಿಟ್ಬಿಡಿ," ಎಂದರು.

ಐದು ಏಳಾಯಿತು, ಒಂದು ಎರಡಾಯಿತು, ನಡುವಿನ ಸೊನ್ನೆ ಇದ್ದ ಹಾಗೆಯೇ ಇತ್ತು, ಕೊನೆಯ ಎರಡು ಮತ್ತೆ ಸೊನ್ನೆಯಾಯಿತು. ೭,೨೦,೭೨೦. ಈ ಸಲ ನಾದಸ್ವರ ಇರಲಿಲ್ಲ. ಬೆಳಗ್ಗೆ ಊರಿನ ಒಲೆಗಳೆಲ್ಲ ಹತ್ತಿದವು. ಮೂರಿದ್ದರೂ ಸರಿ, ನಾಲ್ಕಿದ್ದರೂ ಸರಿ, ಐದು, ಎಂಟು, ಒಂಬತ್ತು, ಯಾವುದಾದರೂ ಸರಿ. ಎಲ್ಲರಿಗೂ ಹೂಂ ಎನ್ನುವ ಸಂಖ್ಯೆ. ಅಂದರೆ ಇನ್ನು ಮೇಲೆ ಯಾವ ಮನೆಗೂ ಭರ್ತಿಯವರು ಬೇಕಿಲ್ಲ.

ತಿಪ್ಪಣ್ಣನ ಮನೆಯಲ್ಲಿ ಅದು ಕಾಫಿಯಲ್ಲೇ ತಿಳಿಯಿತು. ಮೊದಲನೆಯ ಲೋಟ ತಿಪ್ಪಣ್ಣನಿಗೆ ಹೋಯಿತು, ಎರಡನೆಯದು ಮಗನಿಗೆ, ಮೂರನೆಯದನ್ನು ಗೌರಮ್ಮ ತಾನೇ ಕುಡಿದಳು. ನನಗೆ ತಣ್ಣಗಾದ ಗಸಿ ಬಂತು. "ನೀಲಕ್ಕ, ನಿಮಗೆ ನಿಧಾನವಾಗಿ ಬೇರೆ ಕಡೆ ನೋಡ್ಕೊಂಡ್ರೆ ಆಯ್ತು, ಅರ್ಜೆಂಟೇನಿಲ್ಲ. ಮಂಚ ಮಾತ್ರ ಇವತ್ತೇ ಬೇಕಿತ್ತು," ಎಂದಳು. ತಪ್ಪು ಅವಳದಲ್ಲ. ಕರೆದದ್ದು ಲೆಕ್ಕಕ್ಕೆ, ಲೆಕ್ಕ ಮುಗಿಯಿತು. ನಾನು ಟ್ರಂಕಿನ ಬೀಗ ಸರಿಮಾಡಿಕೊಂಡೆ. ಬಸ್ ನಿಲ್ದಾಣದ ಹಿಂದಿನ ಕೋಣೆ ಇನ್ನೂ ಖಾಲಿಯೇ ಇತ್ತು, ಹೋಗಿ ನೋಡಿಕೊಂಡು ಬಂದೆ. ಗೋಡೆಯ ಮೇಲೆ ನನ್ನ ಹಳೆಯ ಹೊಗೆಯ ಕಲೆ ಹಾಗೆಯೇ ಇತ್ತು.

ಹಿಂತಿರುಗಿ ಬಂದರೆ ತಿಪ್ಪಣ್ಣನ ಜಗಲಿಯ ಮೇಲೆ ಸಾಕ್ಷಾತ್ ಅಧ್ಯಕ್ಷರು ಕುಳಿತಿದ್ದರು, ತೊಡೆಯ ಮೇಲೆ ದಿಂಬು. ಅವರ ಸಂಕಟ ಇದು: ಹೊಸ ಸಂಖ್ಯೆಯಲ್ಲೂ ಹದಿನೇಳು ಆಗದು. ಮನೆಯಲ್ಲಿ ಈಗ ಹದಿನಾರು ಜನ ಹಾಯಾಗಿದ್ದಾರೆ, ಇವರು ಕಾಲಿಟ್ಟರೆ ಒಲೆ ಆರುತ್ತದೆ. ಆದರೆ ಹದಿನೆಂಟು ಆಗುತ್ತದಂತೆ. "ಟೀಚರ್ ಹತ್ರ ಎರಡು ಸಲ ಕೇಳಿದೀನಮ್ಮ. ನೀವು ಬಂದ್ರೆ ನಾನೂ ಮನೆಗೆ ಹೋಗಬಹುದು. ನಿಮಗೇ ಒಂದು ಕೋಣೆ ಕೊಡ್ತೀನಿ. ದೊಡ್ಡ ಕಿಟಕಿ ಇದೆ."

"ಬಿಟ್ಟಿ ಕೂಳು ತಿನ್ನೋರು ನಿಮ್ಮಂಥೋರ ಮನೆಗೆ ಯಾಕೆ ಸ್ವಾಮಿ?" ಎಂದೆ.

"ಮೈಕ್ ಸಿಕ್ಕಿದಾಗ ನೂರೆಂಟು ಮಾತು ಬರುತ್ತೆ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬಾರದು." ಅವರ ಕೆನ್ನೆಯ ಮೇಲೆ ಬೆಂಚಿನ ಪಟ್ಟಿಯ ಗುರುತು ಇತ್ತು. ಊರಿನಲ್ಲಿ ನಾನು ಬೇಕೇಬೇಕಾದ ಮನೆ ಉಳಿದಿದ್ದರೆ ಅದೊಂದೇ. ಭರ್ತಿಯವರಲ್ಲಿ ಒಂದು ಕಟ್ಟಳೆಯಿದೆ, ನಮ್ಮಿಂದ ಲೆಕ್ಕ ತುಂಬದ ಮನೆಯಲ್ಲಿ ನಾವು ಮಲಗುವುದಿಲ್ಲ. ಹಾಗೆ ಮಲಗಿದರೆ ಅದು ನಿಜವಾಗಿಯೂ ಬಿಟ್ಟಿ. ಆ ಕೋಣೆಗಿಂತ ಅಧ್ಯಕ್ಷರ ಮನೆ ವಾಸಿ ಎಂದುಕೊಂಡು, ಸಂಜೆ ಹೇಳುತ್ತೇನೆ ಎಂದು ಕಳಿಸಿದೆ.

ಸಂಜೆ ಬಂದದ್ದು ಸುಕನ್ಯಾ. ಒಳಗೆ ಬರಲಿಲ್ಲ, ಹೊಸ್ತಿಲಲ್ಲಿ ನಿಂತು, "ಟ್ರಂಕ್ ಎಲ್ಲಿ?" ಎಂದಳು.

"ಯಾಕೆ? ಒಲೆ ಹತ್ತಲಿಲ್ವಾ?"

"ಹತ್ತಿತು. ನಾಲ್ಕೇ ಜನ ಇದ್ವಿ. ಒಂದೇ ಸಲಕ್ಕೆ ಹತ್ತಿತು."

"ಮತ್ತಿನ್ನೇನು ಬೇಕು ನಿನಗೆ? ಸಭೇಲಿ ಬಳೆ ಜಾರೋ ಹಂಗೆ ಕೈ ಎತ್ತಿದ್ದು ಸಾರ್ಥಕ ಆಯ್ತಲ್ಲ."

ಅವಳ ಮುಖ ಕೆಂಪಾಯಿತು. "ಎತ್ತಿದೆ. ನಾಳೆ ಕೇಳಿದ್ರೂ ಎತ್ತುತ್ತೀನಿ. ಹನ್ನೊಂದು ವರ್ಷದಲ್ಲಿ ನಿಮ್ಮ ಹತ್ರ ಒಂದು ಜಗಳಾನೂ ಪೂರ್ತಿ ಆಡೋಕಾಗಲಿಲ್ಲ ನನಗೆ. ನಾನು ಬಾಯಿ ತೆಗೆಯೋದೇ ತಡ, ಬೇರೆ ಕಡೆ ಮಲಗ್ತೀನಿ ಅಂತೀರಿ. ಮಕ್ಕಳ ಹೊಟ್ಟೆ ನೋಡ್ಕೊಂಡು ನಾನು ಬಾಯಿ ಮುಚ್ಕೋಬೇಕು. ಆ ಹೆದರಿಕೆ ಹೋದ್ರೆ ಸಾಕು ಅಂತ ಎತ್ತಿದೆ. ನೀವು ಹೋಗಲಿ ಅಂತಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ದರಿದ್ರದ ಎರಡು ನಿಮ್ಮನ್ನೇ ಓಡಿಸುತ್ತೆ ಅಂತ ನನಗೇನು ಗೊತ್ತಿತ್ತು?"

ಗೌರಮ್ಮ ಒಳಗಿನಿಂದ ಕಿವಿಗೊಟ್ಟು ಕೇಳುತ್ತಿದ್ದಳು. "ನನ್ನ ಹತ್ರ ಜಗಳ ಆಡೋಕೆ ಊರ ಕಲ್ಲನ್ನೇ ಕೆತ್ತಿಸಿದ್ಯಲ್ಲೇ," ಎಂದೆ. ಆಮೇಲೆ, ಕಟ್ಟಳೆ ಕಟ್ಟಳೆಯೇ ಅಲ್ಲವೇ, "ನಿನ್ನ ಮನೇಲಿ ಈಗ ನನಗೆ ಕೆಲಸ ಇಲ್ಲ ಕಣೇ. ನಾನಿಲ್ಲದೆ ಒಲೆ ಉರಿಯುತ್ತೆ," ಎಂದೆ.

"ನೀವಿದ್ರೂ ಉರಿಯುತ್ತೆ," ಎಂದಳು. ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದುಕೊಂಡಳು. ಇನ್ನೊಂದು ಹಿಡಿ ನಾನು ಹಿಡಿದೆ. ದಾರಿಯಲ್ಲಿ ಪುರಸಭೆಯ ಬಾಗಿಲಲ್ಲಿ ಅಧ್ಯಕ್ಷರು ದಿಂಬು ಹಿಡಿದುಕೊಂಡು ಕಾಯುತ್ತಿದ್ದರು. ಇಲ್ಲವೆಂದು ಕೈ ಅಲ್ಲಾಡಿಸಿ ಮುಂದೆ ನಡೆದೆವು. ಮೈಕಿನ ಆ ಮಾತು ಮರೆತ ಭರ್ತಿಯವರು ಊರಿನಲ್ಲಿ ಯಾರೂ ಸಿಗದೆ ಅವರು ಹದಿನೆಂಟನೆಯವರನ್ನು ಇನ್ನೂ ಹುಡುಕುತ್ತಲೇ ಇದ್ದಾರೆ, ನಿಮ್ಮ ಕಡೆ ಯಾರಾದರೂ ಇದ್ದರೆ ತಿಳಿಸಿ.

ರಾತ್ರಿ ಊಟಕ್ಕೆ ಐದು ತಟ್ಟೆ ಹಾಕಿದರು. ಪುಟ್ಟಿ ನನ್ನ ತೊಡೆಗೆ ಅಂಟಿಕೊಂಡೇ ಕುಳಿತಳು, ಪ್ರಹ್ಲಾದನ ರೇಡಿಯೊ ಮೂಲೆಯಲ್ಲಿ ಎಂದೂ ಇಲ್ಲದೆ ಹಾಡುತ್ತಿತ್ತು. ನಾನು ಒಂದು ತುತ್ತು ಬಾಯಿಗಿಟ್ಟು, "ಸಾರಿಗೆ ಉಪ್ಪು ಜಾಸ್ತಿ," ಎಂದೆ.

"ಬೇಕಾದ್ರೆ ತಿನ್ನಿ."

"ಸರಿಯಮ್ಮಾ, ನಾಳೆ ಬೇರೆ ಕಡೆ ಮಲಗ್ತೀನಿ." ಅಭ್ಯಾಸಬಲ, ಬಾಯಿಂದ ಬಂದುಬಿಟ್ಟಿತು. ಪ್ರಹ್ಲಾದ ರೇಡಿಯೊ ಆರಿಸಿದ. ದೊಡ್ಡವಳು ಚಾರು ತುತ್ತು ಹಿಡಿದ ಕೈ ಕೆಳಗಿಳಿಸಿದಳು.

ಸುಕನ್ಯಾ ಸೌಟು ಎತ್ತಿ ನನ್ನ ತಟ್ಟೆಗೆ ಇನ್ನಷ್ಟು ಸಾರು ಸುರಿದಳು. "ಮಲಗಿ. ನಾಡಿದ್ದು ಬೆಳಗ್ಗೆ ಇಲ್ಲಿ ಬಿಸಿಬಿಸಿ ದೋಸೆ. ನಿಮಗಿಲ್ಲ."

ಆಮೇಲೆ ಶುರುವಾಯಿತು ನೋಡಿ. ಉಪ್ಪಿನಿಂದ ಹುಳಿಗೆ ಹೋಯಿತು, ಹುಳಿಯಿಂದ ಚಾರುವಿನ ಜಡೆಗೆ, ಜಡೆಯಿಂದ ಸಭೆಗೆ, ಸಭೆಯಿಂದ ಹನ್ನೊಂದು ವರ್ಷದ ಹಿಂದಿನ ಬಾಣಂತಿ ಬಿಸಿನೀರಿಗೆ. ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮಕ್ಕಳು ಉಂಡು ಎದ್ದು ಹೋದರು, ತಟ್ಟೆಗಳು ಒಣಗಿದವು. ಅಷ್ಟು ಚೆನ್ನಾದ ಜಗಳವನ್ನು ನಾನು ನನ್ನ ಗಂಡನ ಜೊತೆಯೂ ಆಡಿರಲಿಲ್ಲ. ಕೊನೆಗೆ ಇಬ್ಬರ ಗಂಟಲೂ ಕಟ್ಟಿತು. ನಾನು ನನ್ನ ಜಾಗದಲ್ಲಿ ಹಾಸಿಗೆ ಹಾಸಿ, ಕಿಟಕಿ ತೆರೆದು ಮಲಗಿದೆ. ಸ್ವಲ್ಪ ಹೊತ್ತಿಗೆ ಸುಕನ್ಯಾ ಬಂದು ಕಿಟಕಿ ಮುಚ್ಚಿ ಹೋದಳು. ಎದ್ದು ತೆರೆದೆ.